ತಂಬಿಗೆಯೊಳಗಿನ ಐದು ಚೀಟಿ

ಇದನ್ನು ಹೇಳುವುದನ್ನು ಏಳು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ನಮ್ಮ ಮನೆಯ ಹೊಳೆಯುವ ನೆಲವನ್ನು ನಾನು ಮೋಸದಿಂದ ಹಾಕಿಸಿದೆ.

ಬೈಲಹೊಂಗಲದ ನಮ್ಮ ಓಣಿಗೆ ಆಗ ಒಂದು ಹುಚ್ಚು ಹಿಡಿದಿತ್ತು. ಒಬ್ಬರು ಕಲ್ಲಿನ ಫರಸಿ ಕಿತ್ತು ಟೈಲ್ಸ್ ಹಾಕಿಸಿದರೆ, ಎದುರಿನವರು ಪಡಸಾಲೆಗೆ ಪಿಓಪಿ ಚಾವಣಿ ಮಾಡಿಸಿ ಬಣ್ಣದ ದೀಪ ಕೂಡಿಸುತ್ತಿದ್ದರು. ನೋಡಲು ಹೋದವರು ಚೆಂದ ಅನ್ನುವುದಕ್ಕೂ ಮೊದಲು ಕೇಳುತ್ತಿದ್ದುದು, "ರೊಕ್ಕಾ ಹೆಂಗ ಹೊಂದಿಸಿದ್ರಿ?" ನನಗೂ ಅದೇ ಕುತೂಹಲ. ಒಬ್ಬರು ಕಬ್ಬಿನ ಬಿಲ್ಲಿನಲ್ಲಿ, ಒಬ್ಬರು ಬಂಗಾರ ಒತ್ತೆಯಿಟ್ಟು, ಇನ್ನೊಬ್ಬರು ಹಳೆಯ ಸಾಗವಾನಿ ಕಂಬಗಳನ್ನೇ ಮಾರಿ —

ನಾವು ಹನ್ನೆರಡು ಮನೆಯವರು ಭಿಶಿ ನಡೆಸುತ್ತಿದ್ದೆವು. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುವುದು. ಇನ್ನೂ ಹಣ ಸಿಗದವರ ಹೆಸರಿನ ಚೀಟಿಗಳನ್ನು ತಂಬಿಗೆಗೆ ಹಾಕಿ ಒಂದನ್ನು ಎತ್ತುವುದು. ಬಂದ ಹೆಸರಿನವರಿಗೆ ಆ ತಿಂಗಳ ಹಣವೆಲ್ಲ. ಚೀಟಿ ಬರೆಯುವವನು ನಾನು. ಎತ್ತುವವಳು ನಾಲ್ಕು ಮನೆ ಆಚೆಯ ಒಬ್ಬ ಹೆಂಗಸು. ಆಕೆಯ ಕೈಗುಣ ಒಳ್ಳೆಯದೆಂದು ಓಣಿಗೆಲ್ಲ ನಂಬಿಕೆ. ಕೂಸಿಗೆ ಮೊದಲ ಸಲ ನೀರೆರೆಯಲು, ಉಪ್ಪಿನಕಾಯಿ ಕಲಸಲು ಆಕೆಯೇ ಬೇಕು. ವಿಧವೆಯೆಂದು ಮದುವೆಗಳಲ್ಲಿ ಹಿಂದೆ ನಿಲ್ಲುತ್ತಿದ್ದವಳಿಗೆ ಅದೊಂದೇ ಮಾನ.

ಆ ಬೇಸಿಗೆಯಲ್ಲಿ ಉಳಿದದ್ದು ಐದು ಹೆಸರು. ಆಕೆಯದೂ ಇತ್ತು, ನನ್ನದೂ. ಆಕೆಯ ಮಣ್ಣಿನ ಮಾಳಿಗೆಯ ಜಂತಿ ಬಾಗಿತ್ತು. ಮಳೆಗೆ ಮುಂಚೆ ತಗಡು ಹೊದಿಸಬೇಕಿತ್ತು. ನಾನೋ — ಈ ಸಲ ನನಗೇ ಬರುತ್ತದೆಂದು ನಂಬಿ ಮೊದಲೇ ಫರಸಿ ಕೀಳಿಸಿಬಿಟ್ಟಿದ್ದೆ. ಬಂದವರು ಮಣ್ಣು ತುಳಿದು ನಗುತ್ತಿದ್ದರು. "ಕಾಕಾ, ಪಡಸಾಲ್ಯಾಗ ಜ್ವಾಳಾ ಬಿತ್ತಾವ್ರೇನು?"

ಐದೂ ಚೀಟಿಗಳ ಮೇಲೆ ನನ್ನ ಹೆಸರನ್ನೇ ಬರೆದೆ.

ಆಕೆ ಕಣ್ಣು ಮುಚ್ಚಿ, ಯಲ್ಲಮ್ಮನನ್ನು ನೆನೆದು ಒಂದನ್ನು ಎತ್ತಿದಳು. ಉಳಿದ ನಾಲ್ಕನ್ನು ನಾನು ಬಿಚ್ಚದೆ ಒಲೆಗೆ ಹಾಕಿದೆ. ಆಕೆ ತನ್ನ ಬಲಗೈಯನ್ನೇ ನೋಡಿಕೊಂಡು ನಕ್ಕಳು. "ಮಂದಿಗೆಲ್ಲಾ ಕೊಡೂ ಕೈ, ನನಗಷ್ಟ ಬ್ಯಾಡ ಅಂತೈತಿ ನೋಡ್ರಿ, ಅಣ್ಣಾರ. ಇರ್ಲಿ, ನಿಮ್ಮ ಮನಿಯಾದ್ರೂ ಚೆಂದ ಆಗ್ಲಿ."

ಮೊದಲ ದೊಡ್ಡ ಮಳೆಗೇ ಆಕೆಯ ಮಾಳಿಗೆಯ ಒಂದು ಮೂಲೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಭಿಶಿ ಆಕೆಗೆ ಕೊನೆಯಲ್ಲಿ ಸಿಕ್ಕಿತು, ತಗಡೂ ಬಂತು. ಆದರೆ ಆಕೆ ಮತ್ತೆಂದೂ ತಂಬಿಗೆಗೆ ಕೈ ಹಾಕಲಿಲ್ಲ. ಈ ವರ್ಷ ನಮ್ಮ ಮನೆಯವಳು ಉಪ್ಪಿನಕಾಯಿ ಕಲಸಲು ಕರೆದಾಗ, "ನನ್ನ ಕೈಗುಣಾ ಹೋಗೇತ್ರಿ, ಬ್ಯಾರೇದವ್ರನ್ನ ಕರೀರಿ" ಎಂದಳು — ನನ್ನ ಟೈಲ್ಸಿನ ಮೇಲೆ ನಿಂತೇ.

ಬಾಯಿಬಿಟ್ಟು ಕೇಳಿದ್ದರೆ ಆಕೆಯೇ ತನ್ನ ಸರದಿ ಬಿಟ್ಟುಕೊಡುತ್ತಿದ್ದಳೇನೋ. ಏಕೆ ಕೇಳಲಿಲ್ಲ? ನಾಲ್ಕು ಜನ ನಕ್ಕರೆಂಬುದು ಅಷ್ಟು ದೊಡ್ಡದಾಗಿತ್ತೆ? ಇಂದಿಗೂ ನನಗೆ ಬಗೆಹರಿದಿಲ್ಲ. ಗೊತ್ತಿರುವುದು ಇಷ್ಟೇ — ಆ ಕೈ ಯಾವ ಚೀಟಿ ಹಿಡಿದಿದ್ದರೂ ನನ್ನ ಹೆಸರೇ ಇತ್ತು.

ನಾಳೆ ಭಿಶಿಯವರೆಲ್ಲ ಕೂಡಿದಾಗ ಈ ಹಾಳೆಯನ್ನು ಆಕೆಯ ಎದುರಿಗೇ ಓದುತ್ತೇನೆ. ಅಂದು ಐದರಲ್ಲಿ ಒಂದರ ಮೇಲೆ ಬರೆಯಬೇಕಿದ್ದ ಹೆಸರನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ: ಗಂಗವ್ವ.