ಗುರುವಾರದ ಕಾಗದ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಸೋಮವಾರ ಖಾನಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನ ಗಂಡ ತಮ್ಮ ಬಿಳಿ ಅಂಗಿಗೆ ತಾವೇ ಗುಂಡಿ ಹಚ್ಚುತ್ತಿದ್ದರು. ಫೌಜಿಗೆ ಸೇರಿದ ಮೇಲೆ ಸೂಜಿ ದಾರದ ಕೆಲಸಕ್ಕೆ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದರು. ಬೆಳಗಾವಿ ಕ್ಯಾಂಪಿನ ಮಿಲಿಟರಿ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಮಾಡಿಸಿಕೊಂಡು, ರಜೆಯ ಮೇಲೆ ಬಂದು ಆರು ದಿನವಾಗಿತ್ತು. ಗುರುವಾರ ಬಂದು ತೋರಿಸಬೇಕೆಂದು ಬರೆದುಕೊಟ್ಟ ಕಾಗದವನ್ನು ಕನ್ನಡಿಯ ಹಿಂದೆ ಸಿಕ್ಕಿಸಿದ್ದರು.

"ಊಟಕ್ಕ ಬಾ ಅಂತ ನಿನಗ ಇಲ್ಲೂ ಸೀಟಿ ಹೊಡೀಬೇಕೇನೋ?" ಅತ್ತೆ ಒಳಗಿನಿಂದ ಕೇಳಿದರು.

"ಹೊಡಿ ಯವ್ವಾ, ಓಣಿ ಮಂದಿನೂ ತಾಟು ಹಿಡಕೊಂಡು ಬರ್ತಾರ," ಎಂದರು. ನಗುವಾಗ ಹೊಲಿಗೆಯ ಮೇಲೆ ಕೈ ಒತ್ತಿಕೊಂಡರು.

ಮಂಗಳವಾರ ಜ್ವರ ಬಂತು. ಗಾಯದ ಸುತ್ತ ಕೆಂಪಾಗಿ ಬಿಗಿದಿತ್ತು.

"ಬೆಳಗಾವಿಗೆ ಹೋಗೂಣು," ಎಂದೆ.

"ಹೇಳಿದ ದಿನ ಬಿಟ್ಟು ಹೋಗಿ ನಿಂತ್ರ ಏನಂತಾರ? ಗುರುವಾರ ಅಂದ್ರ ಗುರುವಾರ."

ನಾನು ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಫೌಜಿನ ಕಾಗದ ಎಂದರೆ ಹುಕುಂ ಎಂದು ನಾನೂ ನಂಬಿದ್ದೆ. ಬುಧವಾರವಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ.

ಗುರುವಾರ ಬೆಳಗಿನ ರೈಲಿಗೆ ಅವರು ಗುಂಡಿ ಹಚ್ಚಿದ ಅದೇ ಬಿಳಿ ಅಂಗಿ ತೊಟ್ಟರು. ದೇಸೂರು ದಾಟುವಾಗ ಮಾತು ತೊದಲತೊಡಗಿತು. ಆಸ್ಪತ್ರೆಯಲ್ಲಿ ಅವರನ್ನು ಮಲಗಿಸಿಕೊಂಡೇ ಒಳಗೆ ಒಯ್ದರು. ನರ್ಸ್ ಒಬ್ಬರು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಜ್ವರ ಬಂದ ದಿನಾನ ಕರಕೊಂಡು ಬರಬೇಕಿಲ್ಲೇನ್ರಿ ಅಕ್ಕಾರ?"

ನಾನು ಕಾಗದ ತೋರಿಸಿದೆ. "ಗುರುವಾರ ಅಂತ ಬರದೈತ್ರಿ."

"ಗುರುವಾರ ತಪ್ಪಿಸಬ್ಯಾಡ್ರಿ ಅಂತ ಬರದಾರ. ಮೊದ್ಲ ಬರಬ್ಯಾಡ್ರಿ ಅಂತ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಕಾಗದವನ್ನು ತಿರುಗಿಸಿ ನೋಡಿದೆ. ಹಿಂಬದಿ ಖಾಲಿ ಇತ್ತು.

ಶುಕ್ರವಾರ ಮಧ್ಯಾಹ್ನ ಅವರು ತೀರಿಕೊಂಡರು. ಗಾಯದ ನಂಜು ರಕ್ತಕ್ಕೆ ಏರಿತ್ತಂತೆ. ಮನೆಗೆ ಬಂದವರಿಗೆಲ್ಲ ನಾನು "ಇವತ್ತ ಗುರುವಾರ" ಎನ್ನುತ್ತಿದ್ದೆನಂತೆ. ನನಗೆ ಅದು ನೆನಪಿಲ್ಲ.

ತಿಂಗಳ ಮೇಲೆ ಪಲ್ಟನಿನಿಂದ ಅವರ ಟ್ರಂಕು ಬಂತು. ಬೂಟು, ಬೆಲ್ಟು, ದಾರದ ಉಂಡೆ ಎಲ್ಲ ಇದ್ದವು. ಆ ಕಾಗದವೂ ನನ್ನ ಹತ್ತಿರ ಇದೆ. ನರ್ಸ್ ಕೊಟ್ಟ ಅಂಗಿಯನ್ನು ಆ ಗಡಿಬಿಡಿಯಲ್ಲಿ ಎಲ್ಲಿಟ್ಟೆನೋ ತಿಳಿಯದು. ಅದು ಇನ್ನೂ ಸಿಕ್ಕಿಲ್ಲ.