ಹೋಗಿ ಬರುವ ದಾರಿ

ಮಲ್ಲೇಶ್ವರದ ಮಹಡಿ ಮೇಲಿನ ಲ್ಯಾಬಿನಲ್ಲಿ ನಮಗೆ ನೆಟ್‌ವರ್ಕಿಂಗ್ ಕಲಿಸುತ್ತಿದ್ದ ಮೇಡಂ ಸದಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ನಮ್ಮ ಕೀಬೋರ್ಡನ್ನು ಒಮ್ಮೆಯೂ ಮುಟ್ಟಲಿಲ್ಲ. ಏನು ಕೆಟ್ಟರೂ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲೀವರೆಗೆ ಹೋಯ್ತು?" ಸಂಜೆ ಯಾರಾದರೂ "ಹೋಗ್ತೀನಿ ಮೇಡಂ" ಎಂದರೆ ಬಾಗಿಲಲ್ಲೇ ತಡೆದು, "ಹೋಗ್ಬರ್ತೀನಿ ಅನ್ನಿ" ಎಂದು ತಿದ್ದುತ್ತಿದ್ದರು.

ಕೊನೆಯ ಶನಿವಾರ ಪರೀಕ್ಷೆ. ಇಬ್ಬಿಬ್ಬರು ಸೇರಿ ಕೋಣೆಯ ಎರಡು ತುದಿಗಳ ಕಂಪ್ಯೂಟರ್‌ಗಳನ್ನು, ಸಂದೇಶಗಳಿಗೆ ದಾರಿ ತೋರುವ ಎರಡು ರೌಟರ್‌ಗಳ ಮೂಲಕ ಜೋಡಿಸಬೇಕು. ಆಗದಿದ್ದರೆ ಇಡೀ ಕೋರ್ಸು ಮತ್ತೆ ಮೊದಲಿಂದ. ಅಭ್ಯಾಸದಲ್ಲಿ ಸೋತಾಗಲೆಲ್ಲ ದಿನಚರಿಯಲ್ಲಿ ಗೀಟು ಎಳೆಯುತ್ತಿದ್ದೆ, ಆಗಲೇ ಐದಾಗಿದ್ದವು.

ಅಂದೂ ಈ ತುದಿಯಿಂದ ಕಳಿಸಿದ ನಮ್ಮ ಸಂದೇಶಕ್ಕೆ ಆ ತುದಿಯಿಂದ ಉತ್ತರವಿಲ್ಲ.

"ಎಲ್ಲೀವರೆಗೆ ಹೋಯ್ತು?" ಎಂದರು ಮೇಡಂ.

"ಆ ತುದಿಗೆ ತಲುಪಿರೋದು ಕಾಣ್ತಿದೆ ಮೇಡಂ. ಉತ್ತರಾನೇ ಬರ್ತಿಲ್ಲ," ಎಂದೆ.

ಮತ್ತಿಕೆರೆಯಿಂದ ಬರುತ್ತಿದ್ದ ನನ್ನ ಜೊತೆಗಾರ ಬ್ಯಾಗ್ ಎತ್ತಿಕೊಂಡ. "ಸಾಕು ಗುರು. ನಾನು ಹೋಗ್ತೀನಿ ಮೇಡಂ."

"ಹೋಗ್ಬರ್ತೀನಿ ಅನ್ನಿ," ಎಂದರು ಅವರು, ಎಂದಿನಂತೆ.

ನಾನು ಥಟ್ಟನೆ ಎದ್ದೆ. "ಮಗಾ, ಹೋಗಕ್ಕೆ ದಾರಿ ಹಾಕಿದೀವಿ. ವಾಪಸ್ ಬರಕ್ಕೆ?"

ಆ ತುದಿಯ ರೌಟರ್‌ಗೆ ನಮ್ಮ ಕಡೆಯ ದಾರಿಯನ್ನು ಹೇಳಿಯೇ ಇರಲಿಲ್ಲ. ಓಡಿಹೋಗಿ ಒಂದೇ ಒಂದು ಸಾಲು ಟೈಪ್ ಮಾಡಿದೆ. ನಮ್ಮ ಪರದೆಯ ಮೇಲೆ ಉತ್ತರಗಳು ಸಾಲುಸಾಲಾಗಿ ಇಳಿಯತೊಡಗಿದವು. ಜೊತೆಗಾರ ಬ್ಯಾಗ್ ಎಸೆದು ಮೇಜು ಗುದ್ದಿ ಕೂಗಿದ.

ಮೇಡಂ ಬಗ್ಗಿ ನೋಡಿದರು. "ಎಲ್ಲೀವರೆಗೆ ಹೋಯ್ತು?"

"ಹೋಗ್ಬಂತು ಮೇಡಂ!" ಎಂದೆ.

ಆಗ ಬೆನ್ನ ಹಿಂದಿನ ಆ ಕೈಗಳು ಮೊದಲ ಸಲ ಮುಂದೆ ಬಂದವು. ಅವರ ಚಪ್ಪಾಳೆ ಮೆಟ್ಟಿಲವರೆಗೂ ಕೇಳಿಸಿತು.