ಅರ್ಜಿಯಲ್ಲಿ ಆಂಟಿ

ಆ ಪರದೇಶದಲ್ಲಿ ನಮಗೆ ಇಬ್ಬರು ರಾಯಭಾರಿಗಳಿದ್ದರು. ಒಬ್ಬರನ್ನು ಸರ್ಕಾರ ಕಳಿಸಿತ್ತು. ಅವರನ್ನು ಗೋಡೆಯ ಫೋಟೋದಲ್ಲಿ ಬಿಟ್ಟರೆ ನಾವು ಯಾರೂ ಕಂಡವರಲ್ಲ. ಇನ್ನೊಬ್ಬ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ಮಾಸ್ತರ, ಐವತ್ತೆರಡರ ಬ್ರಹ್ಮಚಾರಿ. ಕೆಲಸವಾಗಬೇಕಾದವರು ಹುಡುಕುತ್ತಿದ್ದುದು ಇವನನ್ನೇ. ಹಾಗಾಗಿ ಆ ಬಿರುದು ಇವನಿಗೇ ಅಂಟಿಕೊಂಡಿತು: ರಾಯಭಾರಿ.

ರಾಯಭಾರ ಕಚೇರಿಗೆ ಅವನು ದಂಡಯಾತ್ರೆಗೆ ಹೊರಟಂತೆ ಹೊರಡುತ್ತಿದ್ದ. ಹೆಗಲಿಗೆ ರೆಕ್ಸಿನ್ ಚೀಲ. ಅದರೊಳಗೆ ಅಂಟಿನ ಬಾಟಲಿ, ಎರಡು ಕಪ್ಪು ಪೆನ್ನು, ಹೆಬ್ಬೆಟ್ಟಿನ ಶಾಯಿಡಬ್ಬಿ, ಫೋಟೋಗೆ ಹಿಂದೆ ಹಿಡಿಯಲು ಕಾರ್ಖಾನೆಯ ಬಿಳಿ ಬಟ್ಟೆಯ ತುಂಡು, ಬನಿಯನ್ನಿನಲ್ಲೇ ಬಂದುಬಿಡುವ ಮಹಾಪುರುಷರಿಗಾಗಿ ಕಾಲರ್ ಇರುವ ಒಂದು ಅಂಗಿ. ಆ ಒಂದೇ ಅಂಗಿಯಲ್ಲಿ ನಮ್ಮ ಪೈಕಿ ಅರವತ್ತು ಜನರ ಪಾಸ್‌ಪೋರ್ಟ್ ಆಗಿವೆ. ಅರ್ಜಿ ತುಂಬುವಾಗ ಮಾತ್ರ ಅವನು ಕಲ್ಲು. ಒಮ್ಮೆ ಕೋಣೆಯಲ್ಲಿ ಜೊತೆಗಿದ್ದ ಪೇಂಟರ್, ಊರಿನಲ್ಲಿ ಆಸ್ಪತ್ರೆ ಸೇರಿದ್ದ ಚಿಕ್ಕಪ್ಪನ ಮಗನನ್ನು ಸ್ವಂತ ತಮ್ಮ ಎಂದು ಬರೆಸಲು ಅಂಗಲಾಚಿದಾಗ ಪೆನ್ನು ಮುಚ್ಚಿಟ್ಟಿದ್ದ.

"ಅರ್ಜಿಗೆ ಪ್ರೀತಿ ಗೀತಿ ಗೊತ್ತಾಗಲ್ಲ ಕಣೋ. ದಾಖಲೆಯಲ್ಲಿ ಏನಿದೆಯೋ ಅದನ್ನ ಹೇಳು."

ಇಂಥ ಮಹಾನುಭಾವನ ಸ್ವಂತ ಪಾಸ್‌ಪೋರ್ಟಿನ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅದು ಟ್ರಂಕಿನ ತಳದಲ್ಲಿ ಹಳೆಯ ಕತ್ತರಿಗಳ ಜೊತೆ ಹಾಯಾಗಿ ಮಲಗಿತ್ತು. ಊರವರದನ್ನೆಲ್ಲ ಮಾಡಿಸುವ ಭರಾಟೆಯಲ್ಲಿ ತನ್ನದನ್ನು ಅವನು ತೆರೆದೇ ನೋಡಿರಲಿಲ್ಲ.

ಆಗ ಊರಿನಿಂದ ಅಕ್ಕನ ಫೋನು ಬಂತು. "ಅಮ್ಮ ಊಟ ಬಿಟ್ಟಿದ್ದಾಳೆ ಕಣೋ. ಬರೋರನ್ನೆಲ್ಲ ಕರೆಸ್ಕೊಳ್ಳಿ ಅಂದ್ರು ಡಾಕ್ಟ್ರು. ನೀನು ಯಾವಾಗ ಬರ್ತೀಯ ಅಂತ ಒಂದೇ ಸಮ ಕೇಳ್ತಾಳೆ."

ಮರುದಿನ ಹನ್ನೊಂದಕ್ಕೆ ಅವನು ಮೂರನೇ ಕಿಟಕಿಯ ಮುಂದೆ ನಿಂತ. ಬೇಕಾದದ್ದು ತುರ್ತು ಪ್ರಯಾಣಪತ್ರ. ಹತ್ತಿರದ ಸಂಬಂಧಿಗೆ ಕಾಯಿಲೆ ಎಂದರೆ ಅಂದೇ ಕೊಡುತ್ತಿದ್ದರು. ಕಿಟಕಿಯಾಚೆಯ ಗುಮಾಸ್ತ ಹಳೆಯ ಪರಿಚಯ. ಅವನಿಗೆ ಕನ್ನಡವೂ ಇತ್ತು, ಹಣೆಯ ಮೇಲೆ ಸದಾ ಕನ್ನಡಕವೂ ಇತ್ತು. ಅರ್ಜಿ ನೋಡಿದ, ಕಂಪ್ಯೂಟರ್ ನೋಡಿದ.

"ಮಾಸ್ತರೇ, ನಿಮ್ಮ ತಾಯಿ ಆರು ವರ್ಷದ ಹಿಂದೆ ತೀರ್ಕೊಂಡ್ರು ಅಂತ ಇದೆಯಲ್ಲ ಇಲ್ಲಿ? ಹಳೇ ಅರ್ಜಿಯಲ್ಲಿ ನೀವೇ ಬರೆದಿದ್ದು. ಅಕ್ಷರ ಮುತ್ತಿನ ಹಾಗಿದೆ."

"ಅದು ಚಿಕ್ಕಮ್ಮ ಸಾರ್."

"ಚಿಕ್ಕಮ್ಮ ಹೋಗಿದ್ದಕ್ಕೆ ತಾಯಿ ಅಂತ ಬರೆದ್ರಾ?" ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.

"ಅಯ್ಯೋ, ಇಲ್ಲ ಸಾರ್. ಚಿಕ್ಕಮ್ಮನೇ ನನ್ನ ಹೆತ್ತೋರು. ಈಗ ಮಲಗಿರೋದು ಅಮ್ಮ."

"ಅಂದ್ರೆ, ಅಮ್ಮ ನಿಮ್ಮನ್ನ ಹೆರಲಿಲ್ಲ?"

"ಅವಳ್ಯಾಕೆ ಹೆರ್ತಾಳೆ? ಅವಳು ಅಮ್ಮ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಿಷಯ ಇಷ್ಟೇ. ಇವನು ಮೂರು ತಿಂಗಳ ಕೂಸಾಗಿದ್ದಾಗ ಹೆತ್ತವಳು ಕಾಯಿಲೆ ಬಿದ್ದಳು, ಅವಳ ಅಕ್ಕ ಎತ್ತಿಕೊಂಡು ಹೋದಳು, ಆಮೇಲೆ ಯಾರೂ ವಾಪಸ್ ಕೇಳಲಿಲ್ಲ. ಅಲ್ಲಿದ್ದ ಅಕ್ಕ, ಎಂದರೆ ದೊಡ್ಡಮ್ಮನ ಮಗಳು, ಯಾರನ್ನು ಏನೆಂದು ಕರೆದಳೋ ಇವನೂ ಹಾಗೇ ಕರೆದ. ಸಾಕಿದವಳು ಅಮ್ಮನಾದಳು, ಪಕ್ಕದ ಬೀದಿಯ ಹೆತ್ತವಳು ಚಿಕ್ಕಮ್ಮನಾದಳು. ಹೆತ್ತವಳಿಗೆ ಬಹುವಚನ, ಸಾಕಿದವಳಿಗೆ ಏಕವಚನ. ಕನ್ನಡ ಬಲ್ಲವರಿಗೆ ಇದಕ್ಕಿಂತ ದೊಡ್ಡ ದಾಖಲೆ ಬೇಡ. ಆದರೆ ಅರ್ಜಿ ಇಂಗ್ಲಿಷಿನದು.

ಗುಮಾಸ್ತ ಒಳ್ಳೆಯವನು. ದನಿ ತಗ್ಗಿಸಿ ಹೇಳಿದ: "ಆಂಟಿ ಅಂತ ಬರೀರಿ. ಸಾಕಿದವರು ಅಂತ ಕೆಳಗೊಂದು ಸಾಲು ಸೇರ್ಸಿ. ನಾನೇ ಒಳಗೆ ತಗೊಂಡು ಹೋಗಿ ಸಹಿ ಮಾಡಿಸ್ತೀನಿ. ಹನ್ನೆರಡಕ್ಕೆ ಮುಚ್ತೀವಿ, ನಾಳೆ ನಾಡಿದ್ದು ರಜೆ."

"ಆಂಟಿ?" ರಾಯಭಾರಿಯ ಕಿವಿ ಕೆಂಪಾಯಿತು. "ಬಸ್ಸಲ್ಲಿ ಸ್ವಲ್ಪ ಜರುಗಿ ಅನ್ನೋಕೂ ಆಂಟಿ ಅಂತಾರೆ ಸಾರ್! ಅಮ್ಮನ್ನ ಆಂಟಿ ಅಂತ ಬರೀಲಾ?"

"ನಿಯಮ ನಿಮಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಆ ನಿಯಮವನ್ನು ಅವನೇ ನೂರು ಜನರ ತಲೆಯ ಮೇಲೆ ಕುಟ್ಟಿದ್ದ. ಆದರೂ ಆ ದಿನ ವೀರಾವೇಶ ಬಂದುಬಿಟ್ಟಿತು. ಹಾಲು ಕುಡಿಸಿದ್ದನ್ನು ಹೇಳಿದ, ಕಾಮಾಲೆಯಾದಾಗ ಸೊಂಟದ ಮೇಲೆ ಹೊತ್ತು ನಡೆದದ್ದನ್ನು ಹೇಳಿದ, ಮೊದಲ ಕತ್ತರಿ ಕೈಗಿತ್ತವಳು ಅವಳೇ ಎಂದ.

"ಅಣ್ಣಾ, ವಂಶಾವಳಿ ಮುಗೀತಾ? ನಮಗೂ ಅಪ್ಪ ಅಮ್ಮ ಇದ್ದಾರೆ," ಎಂದು ಸಾಲು ಕೂಗಿತು.

ಐವತ್ತು ನಿಮಿಷ ಅವನು ಒಂದು ಪದದ ಜೊತೆ ಗುದ್ದಾಡಿದ. ಹನ್ನೆರಡು ಹೊಡೆಯಿತು. ಮೂರನೇ ಕಿಟಕಿಯ ಪರದೆ ಇಳಿಯಿತು. ಅರ್ಜಿ ಕೈಯಲ್ಲೇ ಇತ್ತು. ಸಂಬಂಧದ ಕಾಲಂ ಖಾಲಿ.

ಹೊರಗಿನ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡಿದ. ಅಕ್ಕ ಅದನ್ನು ಅಮ್ಮನ ಕಿವಿಗಿಟ್ಟಳು. ಗೆದ್ದು ಬಂದವನ ಠೀವಿಯಲ್ಲಿ ಎಲ್ಲವನ್ನೂ ಒಪ್ಪಿಸಿದ. ಅತ್ತ ಕಡೆಯಿಂದ ಕೆಮ್ಮು ಬೆರೆತ ನಗು ಬಂತು.

"ನಾನು ಆಂಟಿನಾ? ಹಲ್ಲೆಲ್ಲ ಉದುರಿದ ಮೇಲೆ ಆಂಟಿ ಅಂತಾರಾ? ಒಳ್ಳೇದೇ ಆಯ್ತಲ್ಲೋ!" ಉಸಿರು ಎಳೆದುಕೊಂಡಳು. "ಬರೆದುಬಿಡೋ ಪೆದ್ದೇ. ಬರೆದ್ರೆ ನಾನೇನು ಆಂಟಿ ಆಗ್ಬಿಡ್ತೀನಾ? ಬೇಗ ಬಾ."

ಕಿಟಕಿ ಮತ್ತೆ ತೆರೆದದ್ದು ಮೂರನೆಯ ದಿನ. ಆ ಪದ ಬರೆಯಲು ಎರಡು ಕ್ಷಣ ಹಿಡಿಯಿತು, ಪತ್ರ ಕೈಗೆ ಬರಲು ನಲವತ್ತು ನಿಮಿಷ. ಗುಮಾಸ್ತ ಕನ್ನಡಕ ಒರೆಸಿಕೊಂಡ. ಪೇಂಟರ್ ಚೀಲ ಹೊತ್ತು ವಿಮಾನ ನಿಲ್ದಾಣದವರೆಗೆ ಬಂದ. ಚಿಕ್ಕಪ್ಪನ ಮಗನ ಮಾತನ್ನು ಅವನು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಎಂದು ರಾಯಭಾರಿಗೆ ಅನ್ನಿಸಿತಂತೆ.

ಅವನು ಮನೆ ಮುಟ್ಟಿದಾಗ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

"ನಿನ್ನೆ ಸಾಯಂಕಾಲ ಕಣೋ," ಎಂದಳು ಅಕ್ಕ. "ಮೊನ್ನೆ ಪೂರ್ತಿ ಚೆನ್ನಾಗಿದ್ಲು. ಬಂದೋರಿಗೆಲ್ಲ ನಾನು ಆಂಟಿ ಆದೆ ಅಂತ ಹೇಳ್ಕೊಂಡು ನಗ್ತಿದ್ಲು. ನಿನ್ನೆ ಮಾತಿರಲಿಲ್ಲ. ಬಾಗಿಲನ್ನೇ ನೋಡ್ತಿದ್ಲು."

ನಾಲ್ಕು ದಿನದ ಮೇಲೆ ಮರಣ ನೋಂದಣಿಗೆ ಹೋದರು. "ನೀನೇ ತುಂಬು, ನಿನಗೇ ಅಭ್ಯಾಸ," ಎಂದು ಅಕ್ಕ ಫಾರಂ ಮುಂದಿಟ್ಟಳು. ಇದು ಕನ್ನಡದ್ದು. ಆರನೆಯ ಸಾಲು, ಮಾಹಿತಿ ಕೊಡುವವರಿಗೂ ಮೃತರಿಗೂ ಇರುವ ಸಂಬಂಧ. ರಾಯಭಾರಿ ಕಪ್ಪು ಪೆನ್ನು ತೆಗೆದು 'ಮಗ' ಎಂದು ಬರೆದ. ಯಾರಾದರೂ ಕೇಳಲಿ ಎಂದು ಕಾದ. ಹೇಳಲು ಎಲ್ಲವೂ ತಯಾರಿತ್ತು.

ಅಲ್ಲಿಯ ಗುಮಾಸ್ತ ಓದಲೇ ಇಲ್ಲ. ಪಕ್ಕದವನ ಜೊತೆ ಹರಟುತ್ತಲೇ ಠಪ್ಪೆಂದು ಮೊಹರು ಒತ್ತಿ, "ಮುಂದಿನವರು ಬನ್ನಿ," ಎಂದ.